ಕಲ್ಲು ಒಡೆದವರ ಕಥೆ

ಸುಮಾರು ಸಾವಿರ ವರ್ಷಗಳ ಹಿಂದೆ ಮುಸ್ಲಿಮ್ ಸ್ಪೈನ್‌ನಲ್ಲಿ ಮೂತ್ರಚೀಲದಲ್ಲಿ ದೊಡ್ಡ ಕಲ್ಲು ಬೆಳೆದಿದ್ದ ಒಬ್ಬ ವೃದ್ಧನನ್ನು ಪರೀಕ್ಷಿಸಿದ ವೈದ್ಯರೊಬ್ಬರು ಅದನ್ನು ಕೊಯ್ದು ತೆಗೆಯಲು ಒಪ್ಪಲಿಲ್ಲ. ಕಲ್ಲಿನ ಗಾತ್ರವನ್ನೂ ರೋಗಿಯ ದೇಹಸ್ಥಿತಿಯನ್ನೂ ನೋಡಿ, ಕೈ ಹಾಕಿದರೆ ಈತ ಬದುಕುವುದಿಲ್ಲವೆಂದು ಅವರಿಗೆ ಖಚಿತವಾಗಿತ್ತು. ಆದರೆ ಇನ್ನೊಬ್ಬ ವೈದ್ಯ ಮುಂದೆ ಬಂದ. ಅನುಭವವಿಲ್ಲದ ಆತ ಕಲ್ಲಿನ ಜೊತೆಗೆ ಮೂತ್ರಚೀಲದ ಒಂದು ತುಂಡನ್ನೂ ಕಿತ್ತು ತೆಗೆದ. ಮೂರು ದಿನಗಳೊಳಗೆ ರೋಗಿ ತೀರಿಕೊಂಡ. ಈ ಘಟನೆಯನ್ನು ತನ್ನ ಗ್ರಂಥದ ಮುನ್ನುಡಿಯಲ್ಲಿ ದಾಖಲಿಸಿದವರು, ಶಸ್ತ್ರಚಿಕಿತ್ಸೆಗೆ ಒಪ್ಪದ ಆ ಮೊದಲನೆಯ ವೈದ್ಯರೇ. ಹೆಸರು ಅಬುಲ್ ಕಾಸಿಮ್ ಅಲ್ ಝಹ್ರಾವಿ.

ಝಹ್ರಾವಿಯವರ ಹೆಸರು ನಮ್ಮವರಿಗೆ ಹೊಸದಲ್ಲ. ಮೀಲಾದ್ ಸಭೆಗಳಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ 'ಶಸ್ತ್ರಚಿಕಿತ್ಸೆಯ ಪಿತಾಮಹ' ಎಂಬ ಬಿರುದಿನೊಂದಿಗೆ ಅವರು ಬಂದು ಹೋಗುತ್ತಾರೆ. ಚಪ್ಪಾಳೆಯೂ ಬೀಳುತ್ತದೆ. ಆದರೆ ಅವರು ಏನು ಮಾಡಿದರು, ಯಾವ ರೋಗಿಗೆ ಅದರಿಂದ ಏನಾಯಿತು ಎಂಬ ಪ್ರಶ್ನೆಗೆ ಭಾಷಣಕಾರರಲ್ಲಿ ಉತ್ತರ ಸಿಗುವುದು ಅಪರೂಪ. ಸೋಜಿಗವೆಂದರೆ, ನಾವು ಸುವರ್ಣಯುಗವೆಂದು ಕರೆಯುವ ಆ ಕಾಲದಲ್ಲಿ ಬದುಕಿದ್ದ ಝಹ್ರಾವಿಯವರು ತನ್ನ ನಾಡಿನಲ್ಲಿ ಶಸ್ತ್ರಚಿಕಿತ್ಸೆಯ ವಿದ್ಯೆ ನಶಿಸಿಹೋಗಿದೆಯೆಂದೂ, ಶರೀರದ ರಚನೆಯನ್ನು ಓದದವರೆಲ್ಲ ಕತ್ತಿ ಹಿಡಿಯುತ್ತಿದ್ದಾರೆಂದೂ ಗೋಳಾಡಿದ್ದಾರೆ. ಅವರ ಗ್ರಂಥ ಹುಟ್ಟಿದ್ದು ಈ ಅತೃಪ್ತಿಯಿಂದ.

ಕಲ್ಲಿನ ಕಥೆಗೆ ಬರುವ ಮೊದಲು ಶರೀರದ ಈ ಭಾಗವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬೆನ್ನಿನ ಎರಡೂ ಬದಿಯಲ್ಲಿರುವ ಮೂತ್ರಪಿಂಡಗಳಲ್ಲಿ, ಅಂದರೆ ಕಿಡ್ನಿಗಳಲ್ಲಿ, ಮೂತ್ರ ತಯಾರಾಗುತ್ತದೆ. ಅಲ್ಲಿಂದ ಎರಡು ತೆಳ್ಳಗಿನ ನಾಳಗಳು ಕೆಳಗಿಳಿದು ಮೂತ್ರಚೀಲವನ್ನು ಸೇರುತ್ತವೆ. ವೈದ್ಯರು ಇವನ್ನು ಯುರೇಟರ್ ಎನ್ನುತ್ತಾರೆ. ನಾವು ಮೂತ್ರನಾಳ ಎನ್ನೋಣ. ಉದ್ದ 25ರಿಂದ 30 ಸೆಂಟಿಮೀಟರ್, ಒಳಗಿನ ಅಗಲ ಕೆಲವೇ ಮಿಲಿಮೀಟರ್. ಅದರಲ್ಲೂ ಮೂರು ಕಡೆ ಇಕ್ಕಟ್ಟು: ಕಿಡ್ನಿಯಿಂದ ಹೊರಡುವಲ್ಲಿ, ಸೊಂಟದ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಚೀಲದ ಗೋಡೆಯನ್ನು ತೂರುವಲ್ಲಿ. ಮೂತ್ರ ಹೊರಗೆ ಹೋಗುವ ದಾರಿ ಬೇರೆಯೇ ಒಂದು ನಾಳ. ಕಿಡ್ನಿಯಲ್ಲಿ ಹುಟ್ಟಿದ ಕಲ್ಲು 5 ಮಿಲಿಮೀಟರಿಗಿಂತ ಚಿಕ್ಕದಾದರೆ ಸಾಮಾನ್ಯವಾಗಿ ತಾನಾಗಿಯೇ ಇಳಿದು ಹೋಗುತ್ತದೆ. ಬಾಳೆದಿಂಡಿನ ರಸಕ್ಕೂ ಹುರುಳಿ ಕಟ್ಟಿಗೂ ನಮ್ಮ ಊರುಗಳಲ್ಲಿ ಸಿಕ್ಕಿರುವ ಕೀರ್ತಿಯ ಬಹುಪಾಲು ಈ ಚಿಕ್ಕ ಕಲ್ಲುಗಳದ್ದು. ಯುನಾನಿ ಹಕೀಮರ ಹಜ್ರುಲ್ ಯಹೂದ್ ಭಸ್ಮದ ಕೀರ್ತಿಗೂ ಇದೇ ಮಾತು ಅನ್ವಯಿಸುತ್ತದೆಂದು ನನ್ನ ಅನಿಸಿಕೆ. 10 ಮಿಲಿಮೀಟರ್ ದಾಟಿದ ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ತಾನಾಗಿ ಇಳಿಯುವುದು ಬಹಳ ಅಪರೂಪ.

ಹಳೆಯ ಕಾಲದ ಶಸ್ತ್ರವೈದ್ಯರ ಕೈಗೆ ಸಿಗುತ್ತಿದ್ದದ್ದು ಮೂತ್ರಚೀಲದ ಕಲ್ಲು ಮಾತ್ರ. ಸುಶ್ರುತರು ಅದನ್ನು ತೆಗೆಯುವ ವಿಧಾನವನ್ನು ವಿವರವಾಗಿ ಬರೆದಿದ್ದಾರೆ. ಕೊಯ್ಯದಿದ್ದರೆ ಸಾವು ಖಚಿತ, ಕೊಯ್ದರೆ ಬದುಕು ಅನಿಶ್ಚಿತ. ಆದ್ದರಿಂದ ರಾಜನ ಅನುಮತಿ ಪಡೆದೇ ಮುಂದುವರಿಯಬೇಕೆಂಬುದು ಅವರ ಎಚ್ಚರಿಕೆ. ಗ್ರೀಕರ ಹಿಪೊಕ್ರೆಟಿಸ್ ಪ್ರತಿಜ್ಞೆಯಂತೂ ಕಲ್ಲು ಕೊಯ್ಯುವ ಕೆಲಸವನ್ನು ಅದರಲ್ಲಿ ಪಳಗಿದವರಿಗೇ ಬಿಟ್ಟುಬಿಡಬೇಕೆಂದು ವೈದ್ಯನಿಂದ ಮಾತು ಪಡೆಯುತ್ತದೆ. ಸುಶ್ರುತ ಸಂಹಿತೆ ಬಗ್ದಾದಿಗೂ ಹೋಗಿತ್ತು. ಬರ್ಮಕಿ ಮನೆತನದ ಯಹ್ಯಾ ಬಿನ್ ಖಾಲಿದ್‌ರ ಆಜ್ಞೆಯಂತೆ ಮಂಕಾ ಎಂಬ ಭಾರತೀಯ ವೈದ್ಯ ಅದನ್ನು ಅರಬಿಗೆ ತಂದನೆಂದು ಇಬ್ನ್ ನದೀಮ್ ತನ್ನ ಫಿಹ್ರಿಸ್ತ್‌ನಲ್ಲಿ ಬರೆದಿದ್ದಾನೆ. 'ಸಸ್ರುದ್' ಎಂದು ಅರಬರು ಕರೆದ ಆ ಗ್ರಂಥವನ್ನು ಅಲ್ ರಾಝಿ ಉಲ್ಲೇಖಿಸುತ್ತಾರೆ. ವೈದ್ಯಕ್ಕೆ ಧರ್ಮದ ಲೇಬಲ್ ಅಂಟಿಸಲು ಹೊರಡುವ ಎರಡೂ ಬಣಗಳವರು ಇದನ್ನು ಓದುವುದು ಒಳ್ಳೆಯದು.

ಝಹ್ರಾವಿಯವರು ಹುಟ್ಟಿದ್ದು ಸುಮಾರು 936ರಲ್ಲಿ, ಕುರ್ತುಬಾ ನಗರದ (ಇಂದಿನ ಕಾರ್ಡೋಬಾ) ಹೊರವಲಯದ ಮದೀನತುಝ್ಝಹ್ರಾದಲ್ಲಿ. ತೀರಿಕೊಂಡದ್ದು 1013ರ ಸುಮಾರಿಗೆ. ಅಷ್ಟರಲ್ಲಿ ಒಳಜಗಳದಲ್ಲಿ ಆ ಅರಮನೆಯ ನಗರ ಸೂರೆಯಾಗಿತ್ತು. ಅವರ 'ಕಿತಾಬುತ್ತಸ್ರೀಫ್' ಮೂವತ್ತು ಭಾಗಗಳ ಬೃಹತ್ ಕೃತಿ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಇದರಲ್ಲಿ ಎಲ್ಲವೂ ಅವರ ಸ್ವಂತದ್ದಲ್ಲ. ಏಳನೆಯ ಶತಮಾನದ ಗ್ರೀಕ್ ವೈದ್ಯ ಪಾಲ್‌ನಿಂದ (ಈಜಿನಾ ದ್ವೀಪದವನು) ಅವರು ಧಾರಾಳವಾಗಿ ಪಡೆದಿದ್ದಾರೆ. ಆದರೆ ಕಲ್ಲಿನ ಅಧ್ಯಾಯದಲ್ಲಿ ಬರುವ ಒಂದು ಉಪಕರಣದ ಬಗ್ಗೆ ಇಲ್ಲಿ ಹೇಳಲೇಬೇಕು.

ಅದರ ಹೆಸರು ಮಿಶ್‌ಅಬ್. ನಮ್ಮ ಬಡಗಿಗಳ ಬೈರಿಗೆಯ ತೀರ ತೆಳ್ಳಗಿನ ರೂಪವೆಂದು ಊಹಿಸಿಕೊಳ್ಳಿ. ಉಕ್ಕಿನ ಕಡ್ಡಿ, ಮೂರು ಮೂಲೆಯ ಚೂಪು ತುದಿ, ಮರದ ಹಿಡಿ. ಮೂತ್ರಚೀಲದಿಂದ ಹೊರಟ ಕಲ್ಲು ಪುರುಷನ ಹೊರದಾರಿಯಲ್ಲಿ ಸಿಕ್ಕಿ ಮೂತ್ರ ನಿಂತುಹೋದರೆ, ಕಲ್ಲು ಹಿಂದಕ್ಕೆ ಸರಿಯದಂತೆ ಮೊದಲು ನೂಲಿನಿಂದ ಕಟ್ಟಬೇಕು. ಬಳಿಕ ಈ ಬೈರಿಗೆಯನ್ನು ಸ್ವಾಭಾವಿಕ ದಾರಿಯಿಂದಲೇ ಮೆಲ್ಲನೆ ಒಳಗಿಳಿಸಿ, ಕಲ್ಲಿಗೆ ತಾಗಿದೊಡನೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಕೊರೆಯಬೇಕು. ತೂತು ಬಿದ್ದರೆ ಮೂತ್ರ ಹೊರಡುತ್ತದೆ. ಆಮೇಲೆ ಹೊರಗಿನಿಂದ ಬೆರಳಿನಲ್ಲಿ ಒತ್ತಿದರೆ ಕಲ್ಲು ಚೂರಾಗಿ ಮೂತ್ರದೊಂದಿಗೆ ಬರುತ್ತದೆ. ಇದು ಫಲಿಸದಿದ್ದರೆ ಮಾತ್ರ ಕೊಯ್ಯಬೇಕು.

ಕೊನೆಯ ಆ ವಾಕ್ಯದ ಕಡೆಗೆ ನನ್ನ ಗಮನ ಮತ್ತೆ ಮತ್ತೆ ಹೋಗುತ್ತದೆ. ಕೊಯ್ಯುವುದು ಬರುತ್ತಿದ್ದ ಮನುಷ್ಯ ಕೊಯ್ಯದಿರುವ ದಾರಿಯನ್ನು ಮೊದಲಿಗೆ ಇಟ್ಟಿದ್ದಾರೆ. ಇಂದು ಆಸ್ಪತ್ರೆಗಳ ಫಲಕಗಳಲ್ಲಿ ಕಾಣುವ 'ಗಾಯವಿಲ್ಲದ ಶಸ್ತ್ರಚಿಕಿತ್ಸೆ' ಎಂಬ ಮಾತಿನ ತಿರುಳು ಇದೇ.

ಅದರ ನಂತರ ಬರುವ ಭಾಗ ಹೆಂಗಸರ ಕಲ್ಲಿನ ಬಗ್ಗೆ. ಹೆಂಗಸರಲ್ಲಿ ಈ ರೋಗ ಕಡಿಮೆ, ಆದರೆ ಬಂದರೆ ಚಿಕಿತ್ಸೆ ಕಷ್ಟ ಎನ್ನುತ್ತಾರೆ ಝಹ್ರಾವಿ. ಅವರು ಕೊಡುವ ಕಾರಣಗಳಲ್ಲಿ ಅರ್ಧ ಶರೀರದ್ದು, ಇನ್ನರ್ಧ ಸಮಾಜದ್ದು. ಮರ್ಯಾದಸ್ಥ ಹೆಂಗಸು ವೈದ್ಯನೆದುರು ಮೈ ತೋರಿಸುವುದಿಲ್ಲ. ಈ ವಿದ್ಯೆ ಬಲ್ಲ ಹೆಂಗಸರು ಸಿಗುವುದಿಲ್ಲ. ಅನಿವಾರ್ಯವಾದರೆ ನುರಿತ ವೈದ್ಯೆಯೊಬ್ಬಳನ್ನು ಹುಡುಕಬೇಕು. ಸಿಗದಿದ್ದರೆ ಹೆಂಗಸರ ವಿಷಯದಲ್ಲಿ ಅನುಭವವಿರುವ ಸೂಲಗಿತ್ತಿಯನ್ನು ಕರೆತಂದು, ವೈದ್ಯನು ಹೇಳಿಕೊಟ್ಟಂತೆ ಅವಳ ಕೈಯಿಂದ ಮಾಡಿಸಬೇಕು. ಸುಮಾರು ನಾಲ್ಕೂವರೆ ಶತಮಾನದ ಬಳಿಕ, 1465ರಲ್ಲಿ, ಅನಾತೋಲಿಯಾದ ಅಮಾಸ್ಯಾ ನಗರದ ಶರಫುದ್ದೀನ್ ಸಬುಂಜುವೊಗ್ಲು ಝಹ್ರಾವಿಯವರ ಗ್ರಂಥವನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಒಂದು ಸಚಿತ್ರ ಶಸ್ತ್ರಚಿಕಿತ್ಸಾ ಗ್ರಂಥ ಬರೆದರು. ಅದರ ಬಣ್ಣದ ಚಿತ್ರಗಳಲ್ಲಿ ಹೆಂಗಸರ ಚಿಕಿತ್ಸೆ ಮಾಡುತ್ತಿರುವವರು ಹೆಂಗಸರೇ. ಮುಸ್ಲಿಮ್ ಹೆಣ್ಣುಮಕ್ಕಳು ವೈದ್ಯಕೀಯ ಓದಬೇಕೇ ಬೇಡವೇ ಎಂದು ಚರ್ಚಿಸುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಸೊಂಟನೋವೆಂದು ಹೇಳಿಕೊಂಡು, ಮೂತ್ರದ ತೊಂದರೆಯನ್ನು ಬಾಯಿಬಿಡದೆ ವರ್ಷಗಟ್ಟಲೆ ಸಹಿಸುವ ತಾಯಂದಿರೂ ಅವರ ಮನೆಗಳಲ್ಲೇ ಇದ್ದಾರೆ.

ಝಹ್ರಾವಿಯವರ ಶಸ್ತ್ರಚಿಕಿತ್ಸಾ ಭಾಗ ಹನ್ನೆರಡನೆಯ ಶತಮಾನದಲ್ಲಿ ತೊಲೆದೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್‌ನ ಕೈಯಿಂದ ಲ್ಯಾಟಿನ್‌ಗೆ ಹೋಯಿತು. ಯುರೋಪಿನ ವೈದ್ಯಶಾಲೆಗಳು ಅದನ್ನು ಶತಮಾನಗಟ್ಟಲೆ ಓದಿದವು. ನಮ್ಮಲ್ಲಿ ಏನಾಯಿತು? ಉರ್ದುವಿನಲ್ಲಿ 'ಹಕೀಮ್' ಎಂದರೆ ಗೌರವ. 'ಜರ್ರಾಹ್' ಎಂದರೆ ಹುಣ್ಣು ಕೊಯ್ಯುವ, ಕ್ಷೌರವನ್ನೂ ಮಾಡುವ ಮನುಷ್ಯ ಎಂಬ ಭಾವನೆ. ನಾಡಿ ಹಿಡಿಯುವವನು ಮೇಲೆ, ಕತ್ತಿ ಹಿಡಿಯುವವನು ಕೆಳಗೆ. ಯುರೋಪಿನಲ್ಲೂ ಈ ತಾರತಮ್ಯವಿತ್ತು; ಅಲ್ಲಿ ಅದು ಮುರಿಯಿತು, ಇಲ್ಲಿ ಬಹುಕಾಲ ಉಳಿಯಿತು.

ಹಾಗೆಂದು ಯುರೋಪಿನ ರೋಗಿಗಳು ಸುಖವಾಗಿದ್ದರೆಂದು ತಿಳಿಯಬಾರದು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್, ದಿನಚರಿ ಬರೆದು ಪ್ರಸಿದ್ಧನಾದವನು, 1658ರ ಮಾರ್ಚ್ 26ರಂದು ಮಂಪರಿನ ಔಷಧಿಯಿಲ್ಲದ ಆ ಕಾಲದಲ್ಲಿ ಕೊಯ್ಸಿಕೊಂಡು ಟೆನಿಸ್ ಚೆಂಡಿನಷ್ಟು ದೊಡ್ಡ ಕಲ್ಲನ್ನು ತೆಗೆಸಿದ. ಬದುಕಿ ಉಳಿದದ್ದಕ್ಕೆ ಪ್ರತಿವರ್ಷ ಆ ದಿನ ಔತಣ ಇಡುತ್ತಿದ್ದ, ಕಲ್ಲನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ. ಔತಣ ಇಡಲು ಉಳಿಯದವರ ಸಂಖ್ಯೆಯೂ ದೊಡ್ಡದೇ.

ಕತ್ತಿಯ ಭಯಕ್ಕೆ ಅಂಜಿ ಬೇರೆ ದಾರಿ ಹುಡುಕಿದವನೊಬ್ಬ ನಮ್ಮ ದೇಶದಲ್ಲೇ ಇದ್ದ. ಫ್ರಾನ್ಸಿನ ಲಿಯೊನ್‌ನಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಸೇರಿ, ನವಾಬ್ ಆಸಿಫುದ್ದೌಲಾರ ಲಕ್ನೋದಲ್ಲಿ ಅಪಾರ ಸಂಪತ್ತು ಗಳಿಸಿದ ಕ್ಲಾಡ್ ಮಾರ್ಟಿನ್. ಲಾ ಮಾರ್ಟಿನಿಯರ್ ಶಾಲೆಗಳು ಅವನ ಹೆಸರಿನವು. ಟಿಪ್ಪು ಸುಲ್ತಾನರ ವಿರುದ್ಧ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕಂಪೆನಿಗೆ ಕುದುರೆಗಳನ್ನು ಒದಗಿಸಿದವನೂ ಇವನೇ, ಆದ್ದರಿಂದ ನಮಗೆ ಇವನ ಮೇಲೆ ವಿಶೇಷ ಪ್ರೀತಿ ಇರಬೇಕಾಗಿಲ್ಲ. ಆದರೆ 1782ರ ಸುಮಾರಿಗೆ ಇವನು ಮಾಡಿದ್ದನ್ನು ಕೇಳಿ. ಹೆಣಿಗೆ ಕಡ್ಡಿಯಂಥ ಉಕ್ಕಿನ ತಂತಿಯ ತುದಿಯನ್ನು ಅರದಂತೆ ಒರಟು ಮಾಡಿಸಿ, ಕೊಳವೆಯ ಮೂಲಕ ತನ್ನ ಮೂತ್ರಚೀಲಕ್ಕೆ ತಾನೇ ತೂರಿಸಿ, ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ತನ್ನ ಕಲ್ಲನ್ನು ತಾನೇ ಅರೆದು ಪುಡಿಮಾಡಿದ. ಕಲ್ಲು ಹೋಯಿತು. ಮತ್ತೆ ಹದಿನೇಳೆಂಟು ವರ್ಷ ಬದುಕಿ 1800ರಲ್ಲಿ ಸತ್ತ.

ಪ್ಯಾರಿಸಿನ ಜಾನ್ ಸಿವಿಯಾಲ್ 1824ರ ಜನವರಿಯಲ್ಲಿ ಇದೇ ಕೆಲಸವನ್ನು ರೋಗಿಯ ಮೇಲೆ ಶಾಸ್ತ್ರೀಯವಾಗಿ ಮಾಡಿದ. ಮೂರು ಉಗುರುಗಳು ಕಲ್ಲನ್ನು ಹಿಡಿಯುತ್ತವೆ, ನಡುವಿನ ಬೈರಿಗೆ ಕೊರೆಯುತ್ತದೆ. ಸಿವಿಯಾಲ್ ಝಹ್ರಾವಿಯನ್ನು ಓದಿದ್ದನೆ? ಅರಬಿ ಮೂಲ ಲ್ಯಾಟಿನ್ ಅನುವಾದದೊಂದಿಗೆ 1778ರಲ್ಲೇ ಆಕ್ಸ್‌ಫರ್ಡಿನಲ್ಲಿ ಅಚ್ಚಾಗಿತ್ತು, ನಿಜ. ಆದರೆ ಅಷ್ಟರಿಂದ 'ನಮ್ಮದನ್ನು ಕದ್ದರು' ಎಂದು ಹೇಳಹೊರಡುವುದು ನ್ಯಾಯವಲ್ಲ. ಸಿವಿಯಾಲ್‌ನ ದೊಡ್ಡತನ ಇನ್ನೊಂದು ಕಡೆಯಲ್ಲಿದೆ: ಅವನು ಲೆಕ್ಕ ಇಟ್ಟ. ಕೊಯ್ಸಿಕೊಂಡ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿದಾಗ ನೂರಕ್ಕೆ ಸುಮಾರು 19 ಮಂದಿ ಸತ್ತಿದ್ದರು. ಒಡೆಸಿಕೊಂಡವರಲ್ಲಿ ಸತ್ತವರು ನೂರಕ್ಕೆ ಎರಡರಷ್ಟು. 1835ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಈ ಅಂಕಿಗಳನ್ನು ಪರಿಶೀಲಿಸಲು ಗಣಿತಜ್ಞರೂ ಇದ್ದ ಸಮಿತಿಯನ್ನೇ ನೇಮಿಸಿತು. ಗುರುಗಳು ಹೇಳಿದ್ದಾರೆ ಎಂಬುದರ ಜಾಗದಲ್ಲಿ ಎಷ್ಟು ಜನ ಬದುಕಿದರು ಎಂಬ ಪ್ರಶ್ನೆ ಬಂದು ಕುಳಿತಿತು.

1846ರಲ್ಲಿ ಈಥರ್ ಬಂತು. ಆ ಸುದ್ದಿಯನ್ನು ವೈದ್ಯಲೋಕಕ್ಕೆ ಸಾರಿದ ಬಾಸ್ಟನ್ನಿನ ಹೆನ್ರಿ ಬಿಗೆಲೊ, 1878ರಲ್ಲಿ ಒಂದೇ ಸಲಕ್ಕೆ ಕಲ್ಲು ಒಡೆದು ಚೂರುಗಳನ್ನೂ ಹೀರಿ ತೆಗೆಯುವ ವಿಧಾನ ರೂಪಿಸಿದ. ಚಿಕ್ಕ ಹುಡುಗರ ದಾರಿ ಇದಕ್ಕೆ ತೀರ ಕಿರಿದು ಎಂಬ ಪಾಶ್ಚಾತ್ಯ ವೈದ್ಯರ ನಂಬಿಕೆಯನ್ನು ಸುಳ್ಳು ಮಾಡಿದ್ದು ಇಂದೋರಿನಲ್ಲಿದ್ದ ಬ್ರಿಟಿಷ್ ಸರ್ಜನ್ ಕೀಗನ್, 1880ರ ದಶಕದಲ್ಲಿ. ಆಗ ನಮ್ಮ ಬಡ ಮಕ್ಕಳಲ್ಲಿ ಮೂತ್ರಚೀಲದ ಕಲ್ಲು ಅಷ್ಟು ಸಾಮಾನ್ಯವಾಗಿತ್ತು.

ಇಷ್ಟಾದರೂ ಮೂತ್ರನಾಳದ ಕಲ್ಲು ಯಾರ ಕೈಗೂ ನಿಲುಕಿರಲಿಲ್ಲ. ಅದು ಕಣ್ಣಿಗೇ ಕಾಣುತ್ತಿರಲಿಲ್ಲ. 1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ ಗ್ಲಾಸ್ಗೋದ ಮೆಕಿಂಟೈರ್ ಕಿಡ್ನಿಯ ಕಲ್ಲಿನ ಚಿತ್ರ ತೆಗೆದ. ಇರುವ ಜಾಗ ಗೊತ್ತಾಯಿತು, ಹೋಗುವ ದಾರಿ ಮಾತ್ರ ಒಂದೇ: ಪಕ್ಕೆಯಲ್ಲಿ ಗೇಣುದ್ದ ಕೊಯ್ದು, ಸ್ನಾಯುಗಳನ್ನು ಸೀಳಿ, ನಾಳವನ್ನು ಹುಡುಕಿ ತೆರೆಯುವುದು. ಇಪ್ಪತ್ತನೆಯ ಶತಮಾನದ ಮುಕ್ಕಾಲು ಭಾಗ ಇದೇ ನಡೆಯಿತು. ನಮ್ಮ ಹಿರಿಯರಲ್ಲಿ ಕೆಲವರ ಪಕ್ಕೆಯಲ್ಲಿ ಆ ಉದ್ದನೆಯ ಗೆರೆ ಇನ್ನೂ ಕಾಣಸಿಗುತ್ತದೆ. ಕೂಲಿಯಿಂದ ಬದುಕುವವನಿಗೆ ಆ ಗೆರೆ ಎಂದರೆ ವಾರಗಟ್ಟಲೆ ಸಂಬಳವಿಲ್ಲದ ದಿನಗಳು, ಆಮೇಲೂ ಭಾರ ಹೊರಲಾಗದ ಮೈ.

ದಾರಿ ತೆರೆದದ್ದು ಬೆಳಕು. 1912ರಲ್ಲಿ ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್, ನಾಳಗಳು ಅಸಹಜವಾಗಿ ಹಿಗ್ಗಿದ್ದ ಮಗುವೊಂದರಲ್ಲಿ ಮೂತ್ರಚೀಲ ನೋಡುವ ಕೊಳವೆಯನ್ನು ಕಿಡ್ನಿಯವರೆಗೂ ಕೊಂಡೊಯ್ದಿದ್ದ. ಆದರೆ ಎಲ್ಲರ ನಾಳ ಹಾಗಿರುವುದಿಲ್ಲವಲ್ಲ. 1954ರಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಬಹುದೆಂದು ತೋರಿಸಿದರು. 1964ರಲ್ಲಿ ಮಾರ್ಷಲ್ ಅಂಥ ತಂತುದರ್ಶಕದಿಂದ ನಾಳದೊಳಗಿನ ಕಲ್ಲನ್ನು ನೋಡಿದರು. ನೋಡಿದ್ದಷ್ಟೇ, ಮುಟ್ಟಲಾಗಲಿಲ್ಲ. 1980ರಲ್ಲಿ ಮ್ಯಾಡ್ರಿಡ್‌ನ ಪೆರೆಸ್ ಕಾಸ್ತ್ರೊ ಜರ್ಮನಿಯ ಕಾರ್ಲ್ ಸ್ಟೋರ್ಜ್ ಕಂಪೆನಿಯ ಜೊತೆ ಸೇರಿ ಕಿಡ್ನಿಯವರೆಗೆ ತಲುಪುವ ಉದ್ದನೆಯ ಯುರೆಟೆರೋಸ್ಕೋಪ್ ತಯಾರಿಸಿದರು. ಮ್ಯಾಡ್ರಿಡ್ ಎಂದರೆ ಒಂಬತ್ತನೆಯ ಶತಮಾನದಲ್ಲಿ ಕುರ್ತುಬಾದ ಅಮೀರ್ ಮುಹಮ್ಮದ್ ಕಟ್ಟಿಸಿದ ಕೋಟೆಯ ಊರು, ಆಗಿನ ಹೆಸರು ಮಜ್ರೀತ್. ಇದು ಬರೀ ಕಾಕತಾಳೀಯ. ಕಥೆಗಾರನಾದ್ದರಿಂದ ಹೇಳದೆ ಇರಲಾಗಲಿಲ್ಲ.

ಅದೇ 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ಸಂಗಡಿಗರು ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿ, ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಕಿಡ್ನಿಯ ಕಲ್ಲನ್ನು ಒಡೆದರು. ವೇಗವಾಗಿ ಹಾರುವ ವಿಮಾನಗಳಿಗೆ ಮಳೆಹನಿಯಿಂದಾಗುವ ಹಾನಿಯನ್ನು ಅಭ್ಯಾಸ ಮಾಡುತ್ತಿದ್ದ ಡೋರ್ನಿಯರ್ ವಿಮಾನ ಕಂಪೆನಿಯ ಸಂಶೋಧನೆಯಿಂದ ಹುಟ್ಟಿದ ಯಂತ್ರ ಅದು. ಒಂದು ಗೀರೂ ಇಲ್ಲ! ಇನ್ನು ಶಸ್ತ್ರಚಿಕಿತ್ಸಕರಿಗೆ ಕೆಲಸವಿಲ್ಲವೆಂದೇ ಹಲವರು ಭಾವಿಸಿದರು.

ಮೂತ್ರನಾಳದ ದೊಡ್ಡ ಕಲ್ಲು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಂದೂವರೆ ಎರಡು ಸೆಂಟಿಮೀಟರಿನ ಕಲ್ಲು ತಿಂಗಳುಗಟ್ಟಲೆ ಒಂದೇ ಕಡೆ ಕೂತರೆ ನಾಳದ ಒಳಗೋಡೆ ಊದಿ ಅದನ್ನು ಅಪ್ಪಿಕೊಳ್ಳುತ್ತದೆ. ಸುತ್ತ ನೀರಿಗೆ ಎಡೆಯಿಲ್ಲದಾಗ ತರಂಗದ ಪೆಟ್ಟಿಗೆ ಅದು ಸರಿಯಾಗಿ ಬಿರಿಯುವುದಿಲ್ಲ. ಬಿರಿದರೂ ಚೂರುಗಳು ಸಾಲಾಗಿ ನಾಳವನ್ನೇ ಕಟ್ಟಿಬಿಡಬಹುದು. ಜರ್ಮನರು ಇದಕ್ಕೆ 'ಕಲ್ಲಿನ ಬೀದಿ' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಇನ್ನೊಂದು ಮೋಸವಿದೆ. ಮೊದಲು ಹೊರಳಾಡಿಸಿದ ನೋವು ಕೆಲವರಲ್ಲಿ ದಿನ ಕಳೆದಂತೆ ನಿಂತೇ ಹೋಗುತ್ತದೆ. ಕಲ್ಲು ಬಿದ್ದುಹೋಯಿತೆಂದು ರೋಗಿ ನೆಮ್ಮದಿಯಾಗುತ್ತಾನೆ. ಮೇಲುಗಡೆ ಮೂತ್ರ ತುಂಬಿ ಕಿಡ್ನಿ ಊದಿ, ಸದ್ದಿಲ್ಲದೆ ಸಾಯುತ್ತಿರುತ್ತದೆ. ಕಟ್ಟಿದ ಕಿಡ್ನಿಗೆ ಸೋಂಕು ತಗಲಿ ಚಳಿಜ್ವರ ಬಂದರಂತೂ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಅಪಾಯ.

1990ರ ದಶಕದಲ್ಲಿ ಬಂದ ಹೋಲ್ಮಿಯಂ ಲೇಸರ್ ಬಹಳಷ್ಟನ್ನು ಬದಲಿಸಿತು. ಯುರೆಟೆರೋಸ್ಕೋಪಿನೊಳಗಿಂದ ತೆಳುವಾದ ಗಾಜಿನ ಎಳೆಯನ್ನು ಕಲ್ಲಿಗೆ ತಾಗಿಸಿ ಪುಡಿ ಮಾಡುವುದು. ಝಹ್ರಾವಿಯವರ ಬೈರಿಗೆಯ ಕೆಲಸವನ್ನೇ ಬೆಳಕು ಮಾಡಿತು. ಈಚೆಗೆ ಥುಲಿಯಂ ಎಳೆಯ ಲೇಸರ್ ಕೂಡ ಬಂದಿದೆ. ಕೆಳನಾಳದ ಕಲ್ಲಿಗೆ ಇದು ಬಹುತೇಕ ಪರಿಪೂರ್ಣ ದಾರಿ. ಮೇಲಿನ ನಾಳದ ದೊಡ್ಡ ಕಲ್ಲು ಮಾತ್ರ ನೀರಿನ ಒತ್ತಡಕ್ಕೆ ಹಿಂದಕ್ಕೆ ಜಾರಿ ಕಿಡ್ನಿ ಸೇರಿಕೊಳ್ಳುವುದುಂಟು, ಎರಡನೆಯ ಸಲ ಚಿಕಿತ್ಸೆ ಬೇಕಾಗುವುದುಂಟು. ಬೆನ್ನಿನಲ್ಲಿ ಸಣ್ಣ ತೂತು ಮಾಡಿ ಕಿಡ್ನಿಯ ಮೂಲಕ ಮೇಲಿನಿಂದ ಇಳಿಯುವುದು ಇನ್ನೊಂದು ದಾರಿ. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೊಹಾನ್ಸನ್ ಕಿಡ್ನಿಯ ಕಲ್ಲಿಗಾಗಿ ತೋರಿಸಿದ್ದು.

ಮತ್ತೊಂದು ದಾರಿ ಕಿಡ್ನಿಯನ್ನೂ ಮುಟ್ಟದೆ ಬೆನ್ನ ಹಿಂಬದಿಯಿಂದ ದುರ್ಬೀನು ತೂರಿಸಿ, ನಾಳವನ್ನು ಕಲ್ಲಿನ ಮೇಲೆಯೇ ಸ್ವಲ್ಪ ಸೀಳಿ, ಅದನ್ನು ಒಡೆಯದೆ ಇಡಿಯಾಗಿ ತೆಗೆದು ಹೊಲಿಯುವುದು. 1979ರಲ್ಲಿ ಲಂಡನ್ನಿನ ಜಾನ್ ವಿಕಮ್ ಇದನ್ನು ಮಾಡಿ ತೋರಿಸಿದ್ದರು. ಆದರೆ ಹೊಟ್ಟೆಯಲ್ಲಿರುವಂತೆ ಅಲ್ಲಿ ಸ್ವಾಭಾವಿಕ ಪೊಳ್ಳು ಇಲ್ಲ, ಎಲ್ಲವೂ ಕೊಬ್ಬಿನಲ್ಲಿ ಹುದುಗಿದೆ. ಅನಿಲ ತುಂಬಿದರೂ ಕಾಣಿಸುವಷ್ಟು ಜಾಗ ಆಗುತ್ತಿರಲಿಲ್ಲ. ಹೀಗಾಗಿ ಆ ದಾರಿ ಹತ್ತು ಹನ್ನೆರಡು ವರ್ಷ ಮುಚ್ಚಿಕೊಂಡೇ ಇತ್ತು.

ತೆರೆದವರು ಮುಂಬಯಿಯ ಬಾಂಬೆ ಆಸ್ಪತ್ರೆಯ ಡಾ. ಡಿ. ಡಿ. ಗೌರ್. ಅವರ ಉಪಕರಣದ ಸಾಮಗ್ರಿ ಯಾವ ತಾಲೂಕು ಆಸ್ಪತ್ರೆಯಲ್ಲೂ ಸಿಗುವಂಥದ್ದು: ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸಿನ ಬೆರಳು, ಒಂದು ರಬ್ಬರ್ ಕ್ಯಾತಿಟರ್, ಕಟ್ಟಲು ದಾರ, ಊದಲು ರಕ್ತದೊತ್ತಡ ನೋಡುವ ಯಂತ್ರದ ಪಂಪು. ಬೆನ್ನಿನ ಸಣ್ಣ ತೂತಿನಿಂದ ಈ ಬಲೂನನ್ನು ಒಳಗಿಳಿಸಿ ಊದಿದರೆ ಕೊಬ್ಬು ಪಕ್ಕಕ್ಕೆ ಸರಿದು, ಹೆಚ್ಚು ರಕ್ತ ಹೋಗದೆ, ಕೆಲಸ ಮಾಡುವಷ್ಟು ಜಾಗ ತೆರೆದುಕೊಳ್ಳುತ್ತದೆ. 1992ರಲ್ಲಿ ಅಮೆರಿಕದ 'ಜರ್ನಲ್ ಆಫ್ ಯುರಾಲಜಿ'ಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಬಳಿಕ ಇದೇ ದಾರಿಯಿಂದ ಮೂತ್ರನಾಳದ ಕಲ್ಲುಗಳನ್ನು ತೆಗೆದು, ನೂರಕ್ಕೂ ಹೆಚ್ಚು ರೋಗಿಗಳ ಅನುಭವವನ್ನು 2002ರಲ್ಲಿ ಬರೆದರು. ಜಗತ್ತಿನ ಶಸ್ತ್ರವೈದ್ಯರು ಅದನ್ನು ಗೌರ್ ಬಲೂನ್ ಎಂದೇ ಕರೆದರು. ಮುಂದೆ ಕಂಪೆನಿಗಳು ಇದೇ ತತ್ತ್ವದ ತಯಾರಿ ಬಲೂನುಗಳನ್ನು ದುಬಾರಿ ಬೆಲೆಗೆ ಮಾರಿದವು. ನಮ್ಮ ದೇಶದ ಎಷ್ಟೋ ಆಪರೇಷನ್ ಥಿಯೇಟರುಗಳಲ್ಲಿ ಕೈಗವಸಿನ ಬೆರಳೇ ಇವತ್ತಿಗೂ ನಡೆಯುತ್ತಿದೆ.

ಈ ಎರಡು ದಾರಿಗಳಲ್ಲಿ ಯಾವುದು ಮೇಲು? ಮೇಲಿನ ನಾಳದ ದೊಡ್ಡ, ಹಳೆಯ ಕಲ್ಲಿಗೆ ಬೆನ್ನಿನ ದಾರಿಯಿಂದ ಒಂದೇ ಸಲಕ್ಕೆ ಪೂರ್ತಿ ಕಲ್ಲು ಹೋಗುವ ಸಾಧ್ಯತೆ ಹೆಚ್ಚು. ಲೇಸರಿನಲ್ಲಿ ಗಾಯವಿಲ್ಲ, ಬೇಗ ಮನೆಗೆ ಹೋಗಬಹುದು, ಆದರೆ ಮತ್ತೆ ಬರಬೇಕಾಗಬಹುದು. ಲೇಸರ್ ಉಪಕರಣಗಳು ಉತ್ತಮವಾದಂತೆ ಬೆನ್ನಿನ ದಾರಿಯನ್ನು ಇತರ ವಿಧಾನಗಳು ಸೋತಲ್ಲಿಗೆ ಮೀಸಲಿಡಬೇಕೆಂದು ಯುರೋಪಿನ ಯುರಾಲಜಿ ವೈದ್ಯರ ಮಾರ್ಗಸೂಚಿ ಹೇಳುತ್ತದೆ. ಎರಡನೆಯ ಸಲ ಬರಲು ಬಸ್ಸಿನ ಚಾರ್ಜು, ಎರಡನೆಯ ಬಿಲ್ಲು ಭರಿಸುವ ಶಕ್ತಿ ಎಲ್ಲರಿಗೂ ಇದೆಯೆಂದು ಆ ಮಾರ್ಗಸೂಚಿ ಅಂದುಕೊಂಡಂತಿದೆ. ದೂರದ ಹಳ್ಳಿಯಿಂದ ಬಂದ ರೋಗಿಗೆ 'ಒಂದೇ ಸಲಕ್ಕೆ ಮುಗಿಯುತ್ತದೆಯೇ ಡಾಕ್ಟ್ರೇ' ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ತಾಳ್ಮೆಯಿಂದ ಉತ್ತರಿಸುವ ವೈದ್ಯರು ಇದ್ದಾರೆ, ಇಲ್ಲವೆನ್ನುವುದಿಲ್ಲ.

ಯಾವ ದಾರಿಯಲ್ಲಿ ಕಲ್ಲು ತೆಗೆದರೂ ಹಲವು ಸಂದರ್ಭಗಳಲ್ಲಿ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆಯನ್ನು ಕಿಡ್ನಿಯಿಂದ ಮೂತ್ರಚೀಲದವರೆಗೆ ಒಳಗೆ ಬಿಡುತ್ತಾರೆ. ಎರಡೂ ತುದಿಗಳು ಜೆ ಅಕ್ಷರದಂತೆ ಬಾಗಿರುವ ಈ ಕೊಳವೆ 1978ರಿಂದ ಬಳಕೆಯಲ್ಲಿದೆ. ಕೆಲವು ವಾರಗಳ ನಂತರ ಅದನ್ನು ತೆಗೆಸಲೇಬೇಕು. ನೋವು ಹೋಯಿತಲ್ಲ ಎಂದು, ಇಲ್ಲವೇ ಯಾರೂ ಸರಿಯಾಗಿ ತಿಳಿಸಿ ಹೇಳದೆ, ಅದನ್ನು ಒಳಗೇ ಬಿಟ್ಟುಕೊಂಡು ತಿಂಗಳು, ವರ್ಷ ಕಳೆಯುವವರಿದ್ದಾರೆ. ಅವರಲ್ಲಿ ಆ ಕೊಳವೆಯ ಮೇಲೆಯೇ ಪದರ ಪದರವಾಗಿ ಹೊಸ ಕಲ್ಲು ಕಟ್ಟುತ್ತದೆ. ಅದನ್ನು ತೆಗೆಯಲು ಮೊದಲಿನ ಕಲ್ಲಿಗಿಂತಲೂ ಹೆಚ್ಚು ಸಲ ಆಪರೇಷನ್ ಥಿಯೇಟರಿಗೆ ಹೋಗಬೇಕಾದೀತು.